ಬಸಳೆ ಚಪ್ಪರದ ಹಾವು

ಬೇಲಿಯಾಚೆ ರಾಯರ ತಲೆ ಕಂಡಿತು ಅಂದರೆ ನನ್ನ ಕಾಫಿ ಆರಿತು ಅಂತಲೇ ಲೆಕ್ಕ.

“ನಿಮ್ಮ ಬಸಳೆ ಚಪ್ಪರದಲ್ಲಿ ಹಾವಿದೆ. ಕಿತ್ತುಹಾಕಿಸಿ.”

“ನೋಡಿದಿರಾ?”

“ನೋಡೋದೇನು ಬಂತು? ಇದ್ದೇ ಇರುತ್ತೆ.”

ಮಾತು ಅಲ್ಲಿಂದ ಇರಾಕಿಗೆ ಹೋಯಿತು. ಕರೆದುಕೊಂಡು ಹೋದವನು ನಾನೇ.

“ರಾಯರೇ, ಅಮೆರಿಕದ ಬುಷ್ ಸರ್ಕಾರವೂ ಹೀಗೇ ಅಂದಿತ್ತು. ಸದ್ದಾಮನ ಹಿತ್ತಿಲಲ್ಲಿ ಸಾಮೂಹಿಕ ನಾಶದ ಅಸ್ತ್ರ ಇದ್ದೇ ಇದೆ ಅಂತ. 2003ರ ಫೆಬ್ರವರಿ 5ರಂದು ಅವರ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ಪುಟಾಣಿ ಸೀಸೆ ಎತ್ತಿ ಹಿಡಿದರಲ್ಲ, ನೆನಪಿದೆಯಾ? ಇಷ್ಟೇ ಆಂಥ್ರಾಕ್ಸ್ ಸಾಕು ಅಂತ ಹೆದರಿಸೋಕೆ ತಂದಿದ್ದ ಸೀಸೆ. ಆಗಿನ್ನೂ ವಿಶ್ವಸಂಸ್ಥೆಯ ತಪಾಸಣಾಧಿಕಾರಿ ಹ್ಯಾನ್ಸ್ ಬ್ಲಿಕ್ಸ್ ಅವರ ತಂಡ ಇರಾಕಿನಲ್ಲಿ ಹುಡುಕುತ್ತಲೇ ಇತ್ತು. ವರ್ಷಗಟ್ಟಲೆ ಬೇಡ, ತಿಂಗಳುಗಳು ಸಾಕು ಅಂದರು ಅವರು. ಕೇಳೋರು ಯಾರು? ಮಾರ್ಚ್ 20ಕ್ಕೆ ದಂಡು ಒಳಗೆ ನುಗ್ಗಿಯೇಬಿಟ್ಟಿತು. ಹೆಣ್ಣು ಒಪ್ಪಿಯಾದ ಮೇಲೆ ಜಾತಕ ತಿದ್ದಿಸಿದ ಹಾಗೆ.”

“ಒಬ್ಬ ಸರ್ವಾಧಿಕಾರಿ ತೊಲಗಿದನಲ್ಲ ಮಾರಾಯರೇ!”

“ತೊಲಗಿದ, ಒಪ್ಪಿದೆ. ಮೇ 1ರಂದು ಬುಷ್ ವಿಮಾನವಾಹಕ ನೌಕೆಯ ಮೇಲೆ ನಿಂತು, ಬೆನ್ನ ಹಿಂದೆ ‘ಕಾರ್ಯ ಮುಗಿಯಿತು’ ಅನ್ನೋ ಬ್ಯಾನರ್ ಕಟ್ಟಿಸಿಕೊಂಡು ಭಾಷಣ ಬಿಗಿದರು. ಆ ಯುದ್ಧದಲ್ಲಿ 4,400ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಬಹುಪಾಲು ಸತ್ತದ್ದು ಆ ಬ್ಯಾನರ್ ಇಳಿಸಿದ ಮೇಲೆ. ಸತ್ತ ಇರಾಕಿಗಳ ಲೆಕ್ಕ ಲಕ್ಷ ದಾಟುತ್ತೆ.”

ರಾಯರು ಬೇಲಿಗೂಟಕ್ಕೆ ಗಲ್ಲ ಊರಿದರು. ಕೇಳುವ ಮನಸ್ಸಿದೆ ಅಂತ ಅರ್ಥ.

“ಅದೇ ವರ್ಷವಲ್ಲ, ಮರುವರ್ಷ ಡಿಸೆಂಬರಿನಲ್ಲಿ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಕುವೈತಿಗೆ ಹೋದರು. ಅಲ್ಲೊಬ್ಬ ಸೈನಿಕ ಎದ್ದುನಿಂತು, ನಮ್ಮ ಗಾಡಿಗೆ ಕವಚ ಹೊಡೆಯೋಕೆ ಕಸದ ಗುಡ್ಡೆಯಲ್ಲಿ ತುಕ್ಕು ತಗಡು ಯಾಕೆ ಹೆಕ್ಕಬೇಕು ಅಂತ ಕೇಳಿಯೇಬಿಟ್ಟ. ಇರೋ ಸೈನ್ಯ ಕಟ್ಟಿಕೊಂಡೇ ಯುದ್ಧಕ್ಕೆ ಹೋಗೋದಪ್ಪ ಅನ್ನೋ ಧಾಟಿಯಲ್ಲಿ ಉತ್ತರ ಬಂತು. ಯುದ್ಧದ ದಿನ ಗೊತ್ತು ಮಾಡಿದವರು ಇವರೇ ಅಲ್ಲವೇ?”

“ಮತ್ತೆ ಆ ಅಸ್ತ್ರ?”

“ಅದನ್ನು ಹುಡುಕೋಕೆ ಬುಷ್ ಸರ್ಕಾರವೇ ನೇಮಿಸಿದ ಚಾರ್ಲ್ಸ್ ಡ್ಯುಯೆಲ್ಫರ್ 2004ರ ಅಕ್ಟೋಬರಿನಲ್ಲಿ ವರದಿ ಕೊಟ್ಟರು. ದಾಸ್ತಾನು ಇರಲೇ ಇಲ್ಲ. ಅದಕ್ಕೂ ಮೊದಲೇ ಪತ್ರಕರ್ತರ ಔತಣವೊಂದರಲ್ಲಿ ಬುಷ್, ತಮ್ಮ ಕಚೇರಿಯ ಕುರ್ಚಿ ಮೇಜಿನಡಿ ತಾವೇ ಬಗ್ಗಿ ನೋಡುವ ಫೋಟೊ ತೋರಿಸಿ, ‘ಆ ಅಸ್ತ್ರ ಇಲ್ಲೇ ಎಲ್ಲೋ ಇರಬೇಕು’ ಅಂತ ತಮಾಷೆ ಮಾಡಿದ್ದರು. ಸಭೆ ನಕ್ಕಿತು. ಮಗನನ್ನು ಕಳಕೊಂಡ ಮನೆಯಲ್ಲಿ ಯಾರು ನಗಬೇಕು? ಇನ್ನು ಅಮೆರಿಕಕ್ಕೆ ನಿಜವಾಗಿ ಕಚ್ಚಿದ ಹಾವು, ಸೆಪ್ಟೆಂಬರ್ 11ರ ದಾಳಿ ಮಾಡಿಸಿದ ಬಿನ್ ಲಾಡೆನ್. ಅವನು 2001ರಲ್ಲೇ ಅಫ್ಘಾನಿಸ್ತಾನದ ಟೋರಾ ಬೋರಾ ಬೆಟ್ಟದಿಂದ ನುಸುಳಿಕೊಂಡಿದ್ದ. ಸಿಕ್ಕಿದ್ದು 2011ರಲ್ಲಿ, ಪಾಕಿಸ್ತಾನದಲ್ಲಿ, ಇನ್ನೊಬ್ಬ ಅಧ್ಯಕ್ಷರ ಕಾಲಕ್ಕೆ.”

ರಾಯರು ಒಮ್ಮೆ ಬಸಳೆ ಕಡೆ, ಒಮ್ಮೆ ನನ್ನ ಕಡೆ ನೋಡಿದರು. “ಹಾಗಾದರೆ ಚಪ್ಪರ?”

“ಹಾವಿದೆ ಅನ್ನೋರು ಮೊದಲು ಹಾವು ತೋರಿಸಲಿ. ಚಪ್ಪರ ಕೀಳೋಕೆ ಅರ್ಧ ಗಳಿಗೆ ಸಾಕು ರಾಯರೇ, ಮತ್ತೆ ಹಬ್ಬಿಸೋರು ಯಾರು?”