ಸಿಡಿಲು ಕಾಯುವ ಕಾಕಾ

ಅಹಮದಾಬಾದಿನ ಜನ ವರ್ಷಕ್ಕೆ ಎರಡು ಸಲ ತಲೆ ಎತ್ತಿ ಆಕಾಶ ನೋಡುತ್ತಾರೆ. ಜನವರಿ 14ರಂದು ಗಾಳಿಪಟಕ್ಕಾಗಿ, ಜೂನ್ ತಿಂಗಳ ಕೊನೆಗೆ ಮಳೆಗಾಗಿ. ಮಿಕ್ಕ ದಿನಗಳಲ್ಲಿ ಯಾರಾದರೂ ಮುಖ ಮೇಲೆ ಮಾಡಿಕೊಂಡು ನಡೆಯುತ್ತಿದ್ದರೆ ಒಂದೋ ಅವರ ಕುತ್ತಿಗೆ ಹಿಡಿದಿರಬೇಕು, ಇಲ್ಲವೇ ಅವರು ವಟ್ವಾದ ನಮ್ಮ ಮೋಡದ ಕಾಕಾ ಆಗಿರಬೇಕು.

ಕಾಕಾ ಮೂಲತಃ ವಿಜಯಪುರದ ಇಂಡಿ ಕಡೆಯವರು. ವಟ್ವಾದ ಕೈಗಾರಿಕಾ ವಸಾಹತು ಜಿಐಡಿಸಿಯ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅವರ ನೌಕರಿ. ಅದು ಹೊಟ್ಟೆಪಾಡಿಗೆ. ನಿಜವಾದ ಡ್ಯೂಟಿ ಶುರುವಾಗುವುದು ಮನೆಗೆ ಬಂದು ಚಹಾ ಕುಡಿದು ಹೌಸಿಂಗ್ ಸೊಸೈಟಿಯ ಧಾಬುವಿಗೆ, ಅಂದರೆ ತಾರಸಿಗೆ, ಹತ್ತಿದ ಮೇಲೆ. ಮಳೆ ಬೇಕೆಂದು ಆಕಾಶ ನೋಡುವವರು ರೈತರು. ಮಳೆ ಬೇಡವೆಂದು ನೋಡುವವರು ಮದುವೆ ಮಂಟಪದವರು. ಕಾಕಾಗೆ ಇದೂ ಬೇಡ, ಅದೂ ಬೇಡ. ಅವರಿಗೆ ಬೇಕಾದದ್ದು ಗುಡುಗು, ಮಿಂಚು, ಸಾಧ್ಯವಾದರೆ ಆಣೆಕಲ್ಲು. ಸುಮ್ಮನೆ ಸೌಮ್ಯವಾಗಿ ಸುರಿಯುವ ಮಳೆಯನ್ನು ಅವರು ಲೆಕ್ಕಕ್ಕೇ ಇಡುವುದಿಲ್ಲ. "ಇದೇನ್ ಮಳಿ ತಮ್ಮಾ, ನಳ ಬಿಟ್ಟಂಗ" ಎಂದು ಒಳಗೆ ಹೋಗಿ ಟಿವಿ ಹಚ್ಚುತ್ತಾರೆ.

ಇಂಥ ಮನುಷ್ಯ ಬಂದು ನೆಲೆಸಲು ಆರಿಸಿಕೊಂಡ ಊರಾದರೂ ಎಂಥದು! ಬೆಂಗಳೂರಿನಲ್ಲಿ ಏಪ್ರಿಲ್-ಮೇ ಬಂತೆಂದರೆ ಸಂಜೆಗಳಲ್ಲಿ ಗುಡುಗು ಮನೆ ಬಾಗಿಲು ಬಡಿಯುತ್ತದೆ. ಅಹಮದಾಬಾದಿನ ಮೇ ತಿಂಗಳಲ್ಲಿ ಬಾಗಿಲು ಬಡಿಯುವುದು ಬಿಸಿಗಾಳಿ ಮಾತ್ರ. 2016ರ ಮೇ 20ರಂದು ಇಲ್ಲಿ ಪಾದರಸ 48 ಡಿಗ್ರಿಗೆ ಏರಿತ್ತು. ಆ ಬಿಸಿಲಲ್ಲೂ ಕಾಕಾ ಧಾಬುವಿನ ಮೇಲೆ ನೀರಿನ ಟಾಕಿಯ ನೆರಳು ಹಿಡಿದು ಕುಳಿತು ವಾಯವ್ಯ ದಿಕ್ಕು ನೋಡುತ್ತಿದ್ದರೆಂದು ಸೊಸೈಟಿಯ ಚೌಕಿದಾರ ಇಂದಿಗೂ ಬಂದವರಿಗೆಲ್ಲ ಹೇಳುತ್ತಾನೆ.

ವಟ್ವಾದಲ್ಲಿ ಇನ್ನೊಂದು ತೊಡಕಿದೆ. ದಿಗಂತದಲ್ಲಿ ಕಪ್ಪಗೆ ಎದ್ದದ್ದು ಮೋಡವೋ, ಚಿಮಣಿಯ ಹೊಗೆಯೋ, ಧೂಳೋ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಮಳೆಗೆ ಮುಂಚೆ ಮಣ್ಣಿನ ವಾಸನೆ ಬರಬೇಕೆಂದು ಮೂಗು ಅರಳಿಸಿದರೆ ಮೊದಲು ಆಸಿಡ್ಡಿನ ವಾಸನೆ ಬರುತ್ತದೆ. ಆದರೆ ಇದು ಈ ಊರಿಗೆ ಹೊಸ ಪೇಚೇನಲ್ಲ. ಇಲ್ಲಿ ಮಲಗಿರುವ ಹದಿನೈದನೆಯ ಶತಮಾನದ ಸಂತ ಕುತುಬ್-ಎ-ಆಲಂ ಕತ್ತಲಲ್ಲಿ ಏನನ್ನೋ ಎಡವಿ "ಇದು ಕಲ್ಲೋ, ಕಟ್ಟಿಗೆಯೋ, ಕಬ್ಬಿಣವೋ" ಎಂದರಂತೆ. ಆ ವಸ್ತು ಆ ಕ್ಷಣವೇ ಮೂರೂ ಆಗಿಬಿಟ್ಟಿತಂತೆ. ಆ ಐತಿಹ್ಯ ಕೇಳಿದ ದಿನ ಕಾಕಾಗೆ ಬಹಳ ಸಮಾಧಾನವಾಯಿತು. ಅಂದಿನಿಂದ ತಮ್ಮ ನೋಟ್‌ಬುಕ್ಕಿನಲ್ಲಿ "ಮೋಡ / ಹೊಗೆ / ಧೂಳು" ಎಂಬ ಮೂರು ಅಂಕಣ ಹಾಕಿ, ಅನುಮಾನ ಬಂದಾಗ ಮೂರಕ್ಕೂ ಟಿಕ್ ಮಾಡುತ್ತಾರೆ.

ಕೆಳಗಿನ ಮನೆಯ ಗುಜರಾತಿ ದಾದಾಗೂ ಕಾಕಾಗೂ ಈ ವಿಷಯದಲ್ಲಿ ನಿತ್ಯ ಜಟಾಪಟಿ. ದಾದಾ ಹಳೆಯ ಪದ್ಧತಿಯವರು. ಹೋಳಿಯ ಜ್ವಾಲೆ ಯಾವ ಕಡೆ ವಾಲಿತು, ಅಖಾತ್ರೀಜ್, ಅಂದರೆ ಅಕ್ಷಯ ತೃತೀಯದ, ಬೆಳಗಿನ ಗಾಳಿ ಎತ್ತಲಿಂದ ಬೀಸಿತು, ಟಿಟೋಡಿ ಹಕ್ಕಿ ಮೊಟ್ಟೆಯನ್ನು ತಗ್ಗಿನಲ್ಲಿಟ್ಟಿತೋ ಎತ್ತರದಲ್ಲಿಟ್ಟಿತೋ, ಮಳೆಯ ಗಾದೆಗಳಾದ ಭಡ್ಲಿ ವಾಕ್ಯಗಳು ಏನನ್ನುತ್ತವೆ, ಕೊನೆಗೆ ಟಿವಿಯಲ್ಲಿ ಮಳೆ ಭವಿಷ್ಯ ಹೇಳುವ ಅಂಬಾಲಾಲ್ ಪಟೇಲರು ಏನಂದರು, ಇಷ್ಟನ್ನೂ ಕೂಡಿಸಿ ಅವರು ಮಳೆಗಾಲವನ್ನು ನಿರ್ಣಯಿಸುತ್ತಾರೆ. ಕಾಕಾ ನಗುತ್ತಾರೆ. "ಹೋಳಿ ಹೊಗಿ ನೋಡಿ ಮಳಿ ಹೇಳೂದಾದ್ರ ನಮ್ಮ ಜಿಐಡಿಸಿ ಒಳಗ ವರ್ಷಪೂರ್ತಿ ಹೋಳಿನೇ ಐತಲ್ಲ" ಎನ್ನುತ್ತಾರೆ. ಹೀಗೆ ನಕ್ಕ ಮನುಷ್ಯನೇ ಮೇ 25ರ ಹೊತ್ತಿಗೆ ಪಂಚಾಂಗ ತೆಗೆದು, ರೋಹಿಣಿ ಮಳಿ ಆದ್ರ ಓಣಿತುಂಬ ಜ್ವಾಳ ಎಂದು ದಾದಾಗೆ ಹಿಂದಿಯಲ್ಲಿ ವಿವರಿಸುವುದನ್ನು ನಾನು ಕೇಳಿದ್ದೇನೆ. ದಾದಾಗೂ ರೋಹಿಣಿ, ಮೃಗಶಿರ, ಆರ್ದ್ರೆ ಎಲ್ಲ ಗೊತ್ತು. ಆ ಒಂದು ವಾರ ಇಬ್ಬರಿಗೂ ಕದನವಿರಾಮ.

ಕಾಕಾರ ವಿಜ್ಞಾನ ಇರುವುದು ಮೊಬೈಲಿನಲ್ಲಿ. ಸಾಬರಮತಿಯ ಆಚೆಗಿರುವ ಇಸ್ರೋದ ಬಾಹ್ಯಾಕಾಶ ಅನ್ವಯಗಳ ಕೇಂದ್ರವು ಮೋಸ್‌ಡ್ಯಾಕ್ ಎಂಬ ತಾಣದಲ್ಲಿ ಇನ್ಸಾಟ್ ಉಪಗ್ರಹಗಳ ಮೋಡದ ಚಿತ್ರಗಳನ್ನು ಎಲ್ಲರಿಗೂ ತೋರಿಸುತ್ತದೆ. ಅದನ್ನು ಕಾಕಾ ತಮ್ಮ ಸೊಸೈಟಿಗೆಂದೇ ಮಾಡಿಸಿದ ಏರ್ಪಾಡಿನಂತೆ ಬಳಸುತ್ತಾರೆ. 2024ರ ಫೆಬ್ರವರಿ 17ರಂದು ಇನ್ಸಾಟ್-3ಡಿಎಸ್ ಹಾರಿದಾಗ ಧಾಬುವಿನ ಮೇಲೆ ಫಾಫಡಾ-ಜಲೇಬಿ ಹಂಚಿದರು. ಯಾರ ಮನೆಯಲ್ಲಿ ಮಗುವಾಯಿತೆಂದು ಜನ ಕೇಳುತ್ತಲೇ ತಿಂದರು. ಅದಾದ ಮೇಲೆ ಅವರಿಗೆ ಹತ್ತಿದ್ದು ಕೇಪ್ ಹುಚ್ಚು. ಬಿಸಿಯೇರಿದ ಗಾಳಿ ಮೇಲೇರಿ ಗುಡುಗುಮೋಡ ಕಟ್ಟಲು ವಾತಾವರಣದಲ್ಲಿ ಎಷ್ಟು ಶಕ್ತಿ ಕೂಡಿಟ್ಟಿದೆ ಎಂಬುದರ ಅಂಕಿ ಅದು. ಕಾಕಾ ದಿನವೂ ಬೆಳಿಗ್ಗೆ ಅದನ್ನು ಲಿಫ್ಟಿನ ಪಕ್ಕದ ಬೋರ್ಡಿನ ಮೇಲೆ ಬರೆಯತೊಡಗಿದರು. ಏರಿಳಿಯುವ ಅಂಕಿ ಯಾವುದೇ ಇರಲಿ, ಅಹಮದಾಬಾದಿನವರಿಗೆ ಪ್ರೀತಿ. "ಕಾಕಾ, ಆಜೆ ಕೇಪ್ ಕೇಟ್ಲು?" ಅಂದರೆ ಇವತ್ತು ಕೇಪ್ ಎಷ್ಟು ಎಂದು ಶೇರು ವ್ಯಾಪಾರ ಮಾಡುವ ಹುಡುಗರು ಕೇಳಿಕೊಂಡು ಹೋಗುತ್ತಾರೆ. ಎರಡೂವರೆ ಸಾವಿರ ಎಂದರೆ ಖುಷಿಪಡುತ್ತಾರೆ. ಅದನ್ನು ಎಲ್ಲಿ ಮಾರಬೇಕೆಂಬುದು ಮಾತ್ರ ಅವರಿಗಿನ್ನೂ ತಿಳಿದಿಲ್ಲ.

ಅವರ ಮನೆಯ ಗೋಡೆಯ ಮೇಲೆ ಬಸವಣ್ಣನ ಪಟದಿಂದ ಸ್ವಲ್ಪ ದೂರದಲ್ಲಿ ಒಬ್ಬ ಇಂಗ್ಲಿಷ್ ಸಾಹೇಬನ ಚಿತ್ರವಿದೆ. ಲ್ಯೂಕ್ ಹೊವಾರ್ಡ್. 1802ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಸಣ್ಣ ಗೋಷ್ಠಿಯಲ್ಲಿ ನಿಂತು ಮೋಡಗಳಿಗೆ ಕ್ಯುಮುಲಸ್, ಸ್ಟ್ರೇಟಸ್, ಸಿರಸ್ ಎಂದು ನಾಮಕರಣ ಮಾಡಿದವನು. ವೃತ್ತಿಯಿಂದ ರಾಸಾಯನಿಕ ತಯಾರಕ, ಹವಾಮಾನ ಅವನಿಗೆ ಬರೀ ಹವ್ಯಾಸ. "ನಮ್ಮ ಕೆಮಿಕಲ್ ಲೈನಿನ ಮನಶಾನ ಅಂವಾ" ಎಂದು ಕಾಕಾ ಪರಿಚಯ ಮಾಡಿಕೊಡುವಾಗ, ಆತ ಜಿಐಡಿಸಿಯ ಫೇಸ್ ಟೂದಲ್ಲಿ ಪಕ್ಕದ ಪ್ಲಾಟಿನಲ್ಲಿದ್ದನೋ ಎನಿಸುತ್ತದೆ.

ಫೋಟೋ ವಿಭಾಗಕ್ಕೆ ಬರೋಣ. ಕಾಕಾರ ಟ್ರೈಪಾಡು ಭಾನುವಾರದ ಗುಜರಿ ಬಜಾರಿನದು. ಮೂರು ಕಾಲಲ್ಲಿ ಒಂದು ಕಾಲು ಒಪ್ಪಂದಕ್ಕೆ ಬರುವುದಿಲ್ಲ. ಅದಕ್ಕೆ ಇಟ್ಟಿಗೆಯ ಆಸರೆ. ಮಿಂಚನ್ನು ಕಂಡು ಗುಂಡಿ ಒತ್ತಿದರೆ ಸಿಕ್ಕುವುದಿಲ್ಲ, ಒತ್ತುವುದರೊಳಗೆ ಅದು ಮುಗಿದಿರುತ್ತದೆ. ಕ್ಯಾಮೆರಾದ ಕಣ್ಣನ್ನು ಹತ್ತಿಪ್ಪತ್ತು ಸೆಕೆಂಡು ತೆರೆದಿಟ್ಟು, ಆ ಹೊತ್ತಿನಲ್ಲಿ ಮಿಂಚು ತಾನಾಗಿ ಬಂದು ಬೀಳಲೆಂದು ಕಾಯಬೇಕು. ಕಾಯುವುದರಲ್ಲಿ ಕಾಕಾಗೆ ಸರಿಸಾಟಿಯಿಲ್ಲ. ಆದರೆ ಆ ಇಪ್ಪತ್ತು ಸೆಕೆಂಡಿನಲ್ಲಿ ಬಂದು ಬೀಳುವುದು ಹೆಚ್ಚಾಗಿ ವಟ್ವಾ ಸ್ಟೇಷನ್ ಕಡೆಯ ಎಂಜಿನ್ನಿನ ದೀಪ, ನೀರಿನ ಟಾಕಿ, ಒಣಹಾಕಿದ ಯಾರದೋ ಸೀರೆ. ಅವರ ಸಂಗ್ರಹದಲ್ಲಿ ಅತ್ಯುತ್ತಮವೆನಿಸಿಕೊಂಡ ಚಿತ್ರದಲ್ಲಿ ಕಪ್ಪು ಆಕಾಶವನ್ನು ಅಡ್ಡಡ್ಡ ಸೀಳಿದ ಸಣ್ಣ ಬೆಳ್ಳಿಗೆರೆಯೊಂದಿದೆ. ಕನ್ನಡ ಬಳಗದ ವಾಟ್ಸಪ್ಪಿನಲ್ಲಿ ಐವತ್ತು ಜನ ಕೈಮುಗಿದರು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಮರುದಿನ ಧಾಬುವಿಗೆ ಹೋಗಿ, ತಂತಿಗೆ ಸಿಕ್ಕಿಕೊಂಡು ಬೀದಿದೀಪದ ಬೆಳಕಿಗೆ ಹೊಳೆಯುತ್ತಿದ್ದ ಉತ್ತರಾಯಣದ ಗಾಳಿಪಟದ ಮಾಂಜಾ ದಾರವನ್ನು ಬೆರಳಿಟ್ಟು ತೋರಿಸಿದಳು. ಕಾಕಾ ಆ ಚಿತ್ರ ತೆಗೆದುಹಾಕಲಿಲ್ಲ. "ಎಕ್ಸ್‌ಪೋಷರ್ ಕರೆಕ್ಟ್ ಐತಿ" ಎಂದರು.

ಸೊಸೈಟಿಯ ಮಕ್ಕಳಿಗೆ ಅವರೆಂದರೆ ಪ್ರಾಣ. ಮಿಂಚಿದೊಡನೆ ಕಾಕಾ ಗಟ್ಟಿಯಾಗಿ ಎಣಿಸುತ್ತಾರೆ, ಕನ್ನಡದಲ್ಲಿ. ಗುಡುಗು ಕೇಳಿದೊಡನೆ ಮೂರರಿಂದ ಭಾಗಿಸುತ್ತಾರೆ. ಶಬ್ದ ಒಂದು ಕಿಲೋಮೀಟರ್ ಬರಲು ಹತ್ತಿರಹತ್ತಿರ ಮೂರು ಸೆಕೆಂಡು ಬೇಕು. ಹದಿನೈದಕ್ಕೆ ಗುಡುಗಿದರೆ ಐದು ಕಿಲೋಮೀಟರ್, ಮಣಿನಗರದ ಆಸುಪಾಸು. ಹೀಗಾಗಿ ಆ ಕಟ್ಟಡದ ಗುಜರಾತಿ ಮಕ್ಕಳಿಗೆಲ್ಲ ಕನ್ನಡದಲ್ಲಿ ಇಪ್ಪತ್ತರವರೆಗೆ ಎಣಿಸಲು ಬರುತ್ತದೆ. ಮುಂದಿನದು ಬರುವುದಿಲ್ಲ, ಅಷ್ಟು ದೂರದ ಗುಡುಗು ಆ ಗದ್ದಲದಲ್ಲಿ ಕೇಳಿಸುವುದಿಲ್ಲವಲ್ಲ. ಹೊರನಾಡ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸಲು ನಾವು ಭಾನುವಾರದ ತರಗತಿ ನಡೆಸಿ ಸೋತವರು. ಸಿಡಿಲಿನ ಪಠ್ಯಕ್ರಮವನ್ನು ಯಾರೂ ಯೋಚಿಸಿರಲಿಲ್ಲ.

ಮೂರಕ್ಕಿಂತ ಮುಂಚೆ ಗುಡುಗಿದರೆ ಎಣಿಕೆ ನಿಲ್ಲುತ್ತದೆ, ಕಾಕಾರ ಹೆಂಡತಿ ಕಾಕು ಧಾಬುವಿನ ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಬೀಗ. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ಕಾಕು ಎಲ್ಲೋ ಓದಿದ್ದಾರೆ. ಬಯಲಿನಲ್ಲಿ ಲೋಹದ ಮೂರುಕಾಲು ನೆಟ್ಟು ಪಕ್ಕದಲ್ಲಿ ನಿಲ್ಲುವವರು ಆ ಪಟ್ಟಿಗೆ ಅರ್ಜಿ ಹಾಕಿದವರೆಂದು ಅವರ ವಾದ. "ಇಳೀತೀರೋ, ಕೀಲಿ ಹಾಕ್ಲೋ?" ಕಾಕಾ ಇಳಿಯುತ್ತಾರೆ. ಆ ಮೇಲಿನದನ್ನು ಬಚ್ಚಲಮನೆಯ ಕಿಟಕಿಯಿಂದ ನೋಡುತ್ತಾರೆ.

ಅಣಕಿಸಿದ್ದು ಸಾಕು, ಒಂದು ಮಾತು ಅವರ ಪರವಾಗಿಯೂ ಹೇಳಬೇಕು. 2023ರ ನವೆಂಬರ್ 26, ಭಾನುವಾರ, ಗುಜರಾತಿನ ಮೇಲೆ ಮಾವಠು, ಅಂದರೆ ಅಕಾಲದ ಮಳೆ, ಎರಗಿತು. ಮೋರ್ಬಿ, ರಾಜಕೋಟ್ ಕಡೆ ಆಣೆಕಲ್ಲು ಬಿದ್ದು ರಸ್ತೆಗಳು ಬೆಳ್ಳಗಾದವು. ಜನ ಕಾರು ನಿಲ್ಲಿಸಿ ಶಿಮ್ಲಾ ಬಂತೆಂದು ಕುಣಿಯುವ ವಿಡಿಯೋಗಳು ಹರಿದಾಡಿದವು. ಕಾಕಾ ಆ ದಿನ ಸೂರತ್ತಿನಲ್ಲಿ ಯಾರದೋ ಮದುವೆಯಲ್ಲಿ ಸಿಕ್ಕಿಕೊಂಡಿದ್ದರು. ಮಧ್ಯಾಹ್ನವೆಲ್ಲ ಹೊಟ್ಟೆಕಿಚ್ಚಿನಿಂದ ಊಟ ಬಿಟ್ಟರು. ರಾತ್ರಿಯ ಹೊತ್ತಿಗೆ ಸಿಡಿಲಿಗೆ ಬಲಿಯಾದವರ ಲೆಕ್ಕ ಬರತೊಡಗಿತು, ಇಪ್ಪತ್ತನ್ನು ದಾಟಿತು. ಕಾಕಾ ಆ ವಿಡಿಯೋಗಳನ್ನು ಮುಂದೆ ಕಳಿಸುವುದನ್ನು ನಿಲ್ಲಿಸಿದರು. ಆಮೇಲೆ ಅವರು ಕಂಡಕಂಡವರ ಮೊಬೈಲು ಕಸಿದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹಾಕಿಕೊಡುವುದನ್ನು ಶುರುಮಾಡಿದರು. ಹತ್ತಿರದ ಇಪ್ಪತ್ತು-ನಲವತ್ತು ಕಿಲೋಮೀಟರಿನಲ್ಲಿ ಸಿಡಿಲು ಹೊಡೆಯುತ್ತಿದ್ದರೆ ಅದು ಎಚ್ಚರಿಸುತ್ತದೆ. ಇಂಡಿಯಲ್ಲಿರುವ ಅಣ್ಣನಿಗಂತೂ ಇಲ್ಲಿಂದಲೇ ಫೋನು: "ಗಿಡದ ಕೆಳಗ ನಿಂದರಬ್ಯಾಡ, ಮನಿಗೆ ನಡಿ." ಅಣ್ಣ ಒಂದು ಸಲ ಮೇಲೆ ನೋಡಿ, ಬಿಸಿಲಿದೆಯೆಂದು ಬೈದು, ಹೇಗೂ ಮನೆಗೆ ಹೋಗುತ್ತಾನೆ. ಈಚೆಗೆ ಹವಾಮಾನ ಇಲಾಖೆಯೂ ತನ್ನ ತಾಣದಲ್ಲಿ ಸಾರ್ವಜನಿಕರಿಂದ ಮಳೆ, ಆಣೆಕಲ್ಲು, ಧೂಳುಗಾಳಿಯ ಸುದ್ದಿ ಕೇಳುತ್ತದೆ. ಕಾಕಾ ಕಳಿಸುತ್ತಾರೆ. ಮೂರು ಅಂಕಣಕ್ಕೂ ಟಿಕ್ ಮಾಡಲು ಅಲ್ಲಿ ಅವಕಾಶವಿಲ್ಲವೆಂಬುದೊಂದೇ ಅವರ ತಕರಾರು.

ಆಣೆಕಲ್ಲಿನ ವಿಷಯಕ್ಕೆ ಅವರ ಶಿಸ್ತೇ ಬೇರೆ. ಬೆಂಗಳೂರಿನ ಅಳಿಯ ಪ್ರತಿ ಬೇಸಿಗೆಯಲ್ಲೂ ಬಾಲ್ಕನಿಯಲ್ಲಿ ಬಿದ್ದ ಆಲಿಕಲ್ಲಿನ ಫೋಟೋ ಕಳಿಸುತ್ತಾನೆ. ಕಾಕಾರ ಉತ್ತರ ಪ್ರತಿ ಸಲವೂ ಎರಡೇ ಶಬ್ದ: "ನಾಣ್ಯ ಎಲ್ಲಿ?" ಪಕ್ಕದಲ್ಲಿ ನಾಣ್ಯವಿಲ್ಲದ ಆಣೆಕಲ್ಲು ಸಾಕ್ಷಿಯಿಲ್ಲದ ಖಟ್ಲೆ. ಹತ್ತು ರೂಪಾಯಿಯ ನಾಣ್ಯ ಸರಿಯಾಗಿ 27 ಮಿಲಿಮೀಟರ್ ಅಗಲ, ಅದನ್ನಿಡಬೇಕು. ಗುಜರಾತಿ ಪತ್ರಿಕೆಗಳು ಬೋರೆಹಣ್ಣಿನ ಗಾತ್ರ ಎಂದು ಬರೆದರೆ ಕಾಕಾ ಒಪ್ಪುವುದಿಲ್ಲ, ನಿಂಬೆಹಣ್ಣಿನ ಗಾತ್ರ ಎಂದರೆ ಯಾವ ಊರಿನ ನಿಂಬೆ ಎಂದು ಕೇಳುತ್ತಾರೆ. ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗ, 1986ರ ಏಪ್ರಿಲ್ 14ರಂದು ಬಾಂಗ್ಲಾದೇಶದ ಗೋಪಾಲಗಂಜಿನಲ್ಲಿ ಬಿದ್ದ 1.02 ಕಿಲೋ ತೂಕದ ಆಣೆಕಲ್ಲಿನ ಕತೆಯನ್ನು ಲಾಡು ಬಡಿಸುವ ಹೊತ್ತಿಗೇ ಎತ್ತುತ್ತಾರೆ.

ಇಷ್ಟೆಲ್ಲ ತಯಾರಿಯ ಮೇಲೆ ವಟ್ವಾದಲ್ಲಿ ಆಣೆಕಲ್ಲು ಬಿದ್ದದ್ದು ಕಾಕಾ ಸೆಕೆಂಡ್ ಶಿಫ್ಟಿನಲ್ಲಿದ್ದ ಒಂದು ಮೇ ಸಂಜೆ. ಅವರ ಲ್ಯಾಬಿಗೆ ಕಿಟಕಿಯಿಲ್ಲ. ಕಾಕುವಿನ ಫೋನು ಬಂತು.

"ರೀ, ಬಿದ್ದಾವು."

"ಏನು?"

"ಆಣಿಕಲ್ಲ. ನಿಂಬಿಹಣ್ಣ ಆಗತಾವ."

"ಇಂಡಿ ನಿಂಬಿನೋ, ಇಲ್ಲೀದೋ? ಹತ್ತು ರೂಪಾಯಿದು ಬಾಜೂಕ ಇಟ್ಟು ಫೋಟೋ ತಗೀ!"

"ಎಲ್ಲಿಂದ ತರಲಿ? ಎಲ್ಲಾ ಮೊಬೈಲಿನಾಗ ಕೊಡೂದು, ಮನ್ಯಾಗ ಚಿಲ್ಲರಾನೇ ಇಲ್ಲ. ಹತ್ತರ ನೋಟ್ ಐತಿ."

"ನೋಟ್ ತೋಯ್ತದ!"

ಕಾಕು ತಲೆಗೆ ಬಕೆಟ್ ಹಿಡಿದುಕೊಂಡು ಧಾಬುವಿಗೆ ಹೋಗಿ, ಇದ್ದುದರಲ್ಲೇ ದುಂಡಗಿನ ಒಂದನ್ನು ಆರಿಸಿ, ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಪ್ರೀತಿಯನ್ನು ಆ ಮನೆ ಕಂಡಿರಲಾರದು. ಆಮೇಲೆ ಕರೆಂಟು ಹೋಯಿತು. ಬಂದದ್ದು ಬೆಳಗಿನ ಜಾವ. ಡಬ್ಬಿಯಲ್ಲಿ ನೀರಿತ್ತು.

ಬೇರೆಯವರಾಗಿದ್ದರೆ ಚೆಲ್ಲುತ್ತಿದ್ದರು. ಕಾಕಾ ಕೆಮಿಸ್ಟು, ರೂಪ ಹೋದರೂ ದ್ರವ್ಯ ಹೋಗುವುದಿಲ್ಲವೆಂದು ನಂಬಿದವರು. ಆ ನೀರನ್ನು ಸಣ್ಣ ಬಾಟಲಿಗಿಳಿಸಿ ಲ್ಯಾಬಿಗೆ ಒಯ್ದು, ಗ್ರಾಮಿನ ನಾಲ್ಕು ದಶಮಾಂಶದವರೆಗೆ ತೂಗುವ ತಕ್ಕಡಿಯ ಮೇಲಿಟ್ಟರು: 6.4173 ಗ್ರಾಂ. ಮಂಜುಗಡ್ಡೆಯ ಸಾಂದ್ರತೆ 0.9 ಎಂದು ಹಿಡಿದು, ಗೋಳದ ಸೂತ್ರ ಹಾಕಿ, ವ್ಯಾಸ 23.9 ಮಿಲಿಮೀಟರ್ ಎಂದು ಸಾಧಿಸಿದರು. ಹತ್ತು ರೂಪಾಯಿ ನಾಣ್ಯಕ್ಕೆ ಬರೀ ಮೂರು ಮಿಲಿಮೀಟರ್ ಕಡಿಮೆ! ಸಂಜೆ ನಮ್ಮನ್ನೆಲ್ಲ ಕರೆದು, ನೋಟ್‌ಬುಕ್ಕು ತೆರೆದು ಓದಿದರು. ದಾದಾ ಕೂಡ ತಲೆದೂಗಿದರು.

ಚಹಾ ತಂದಿಟ್ಟ ಕಾಕು ಹೇಳಿದರು: "ಆ ಡಬ್ಬಿಗೆ ಮುಚ್ಚಳಾ ಇರಲಿಲ್ಲರೀ. ಕರೆಂಟ್ ಹೋದ ಮ್ಯಾಲ ಫ್ರೀಜರಿನ ಮಂಜೆಲ್ಲಾ ಕರಗಿ ಅದರಾಗ ಸೋರಾಕತ್ತಿತ್ತು."

ಕಾಕಾ ಪೆನ್ನಿನ ಟೋಪಿ ತೆಗೆದರು.

"ಎಷ್ಟ ಹನಿ ಬಿದ್ದಾವ, ಎಣಿಸಿಯೇನ?"