ಪಹಣಿ ತೋರಿಸಿ ಅಮೆರಿಕಾಕ್ಕ

(ಐನಾಪುರದ ಕಟ್ಟಿ. ವಿಮಾನ ಎಂಜಿನಿಯರಿಂಗ್ ಮುಗಿಸಿದ ಹುಡುಗ, ತೊಗರಿ ಮಾರಿ ಅವನನ್ನು ಓದಿಸಿದ ಕಾಕಾ.)

ಕಾಕಾ: ಏನ್ ಹುಡುಕ್ಲಾಕತ್ತಿ ತಮ್ಮಾ?

ಹುಡುಗ: ಅಮೆರಿಕಾದಾಗ ಇಂಟರ್ನ್‌ಶಿಪ್ ರೀ. ಜೆ-1 ವೀಸಾ.

ಕಾಕಾ: ಪಗಾರ ಎಷ್ಟು?

ಹುಡುಗ: ನೌಕರಿ ಅಲ್ರಿ, ಕಲಿಯೋದು. ಹೆಚ್ಚಂದ್ರ 12 ತಿಂಗಳು. ಡಿಗ್ರಿ ಮುಗಿದು ವರ್ಷ ದಾಟಿದ್ರ ಅದೂ ಇಲ್ಲ. ಪ್ರಾಯೋಜಕ ಸಂಸ್ಥೆ ಡಿಎಸ್-2019 ಫಾರಂ ಕೊಡಬೇಕು. ಸೆವಿಸ್ ಫೀ 220 ಡಾಲರ್, ವೀಸಾ ಫೀ ಬ್ಯಾರೆ, ಏಜೆಂಟಂದು ಬ್ಯಾರೆ.

ಕಾಕಾ: ದುಡಿಯೋನೂ ನೀನೇ, ರೊಕ್ಕ ಕೊಡೋನೂ ನೀನೇ! ಜೀತಕ್ಕ ಇಟ್ಕೊಂಡೋರು ಊಟನಾದ್ರೂ ಹಾಕ್ತಿದ್ರು. ಅದನ್ನೂ 1976ರಾಗ ಕಾಯ್ದೆ ತಂದು ಬಂದ್ ಮಾಡಿದ್ರು.

ಹುಡುಗ: ವಾಪಸ್ ಬರ್ತೀನಂತ ವೀಸಾ ಸಾಹೇಬರಿಗಿ ನಂಬಿಗಿ ಬರಬೇಕ್ರಿ. ಹೊಲದ ಪಹಣಿ ತೋರಸಂತಾನ ಏಜೆಂಟ್.

ಕಾಕಾ: ಪಹಣಿ ತುಂಬ ಬ್ಯಾಂಕಿನ ಬೋಜಾ ಅದಲ್ಲೋ. ಇಷ್ಟು ಸಾಲ ಇದ್ದೋನು...

ಹುಡುಗ: ...ತಿರುಗಿ ಬರಂಗಿಲ್ಲ ಅಂತಾರ್ರಿ!

(ಸಾಹೇಬರ ಲೆಕ್ಕ ತಪ್ಪೆಂದು ಹೇಳಲು ನಮಗೂ ಧೈರ್ಯವಿಲ್ಲ.)

ಕಾಕಾ: ಸರಡಗಿ ಹಂತೇಲಿ ನಮ್ಮ ಕಲಬುರಗಿ ವಿಮಾನ ನಿಲ್ದಾಣ ಇಲ್ಲೇನು? 2019ರ ನವೆಂಬರ್ 22ಕ್ಕ ಸುರು ಆತು. ಪೈಲಟ್ ಕಲಿಸೋರೂ ಬಂದಾರ.

ಹುಡುಗ: ನಂದು ಹಾರಿಸೋದಲ್ರಿ, ರಿಪೇರಿ. ಕಂಪನಿಯವರೆಲ್ಲ ಅನುಭವ ಕೇಳ್ತಾರ.

ಕಾಕಾ: ಅನುಭವ ಎಲ್ಲಿ ಸಿಗ್ತದ?

ಹುಡುಗ: ಕಂಪನ್ಯಾಗ.

ಕಾಕಾ: ಹೋಗ್ಲಿ ಬಿಡು. ಆ ಏಜೆಂಟ್ ಅಮೆರಿಕಾ ನೋಡ್ಯಾನೇನು?

ಹುಡುಗ: ಇಲ್ರಿ, ಎರಡು ಸಲ ವೀಸಾ ರಿಜೆಕ್ಟ್ ಆಗ್ಯದ. ಅದಕ್ಕೇ ಅವನ ಬಲ್ಲಿ ಹೋಗೀನಿ, ಅನುಭವ ಛಲೋ ಅದ.