ಭಾನುವಾರ ಸೈಟು ನೋಡಲು ಹೊರಡುವವರಿಗೆ

ಬೆಂಗಳೂರಿನ ಹೊರವಲಯದಲ್ಲಿ ಮೊದಲ ಮನೆ ಹುಡುಕುತ್ತಿರುವ ತಮ್ಮ ತಂಗಿಯರಿಗೆ ನಮಸ್ಕಾರ.

ಬಿಸಿಲು ಬಿದ್ದ ಭಾನುವಾರ ಬೆಳಿಗ್ಗೆ ಬಿಲ್ಡರ್ ಕಳಿಸಿದ ಕಾರಿನಲ್ಲಿ ಕೂತು ಸರ್ಜಾಪುರದ ಕಡೆಗೋ ಯಲಹಂಕದ ಆಚೆಗೋ ಹೋಗಿ ಬರುತ್ತಿದ್ದೀರಿ. ಮಾದರಿ ಮನೆ ನೋಡುತ್ತೀರಿ, ವಾಸ್ತು ವಿಚಾರಿಸುತ್ತೀರಿ, ಚದರಡಿ ದರದಲ್ಲಿ ಚೌಕಾಸಿ ಮಾಡುತ್ತೀರಿ. ಅದೆಲ್ಲ ಬೇಕಾದದ್ದೇ. ಆದರೆ ಇಪ್ಪತ್ತು ವರ್ಷದ ಕಂತಿಗೆ ಸಹಿ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿ ಎಂದು ಕೈಮುಗಿದು ಹೇಳುತ್ತೇನೆ. ಈ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ? ಇಲ್ಲಿ ಸುರಿದ ಮಳೆ, ಇಲ್ಲಿ ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಅಡುಗೆಮನೆಯನ್ನು ಒಡೆಸಿ ಬೇರೆ ಕಟ್ಟಿಸಬಹುದು. ನೆಲದ ಇಳಿಜಾರನ್ನು ಯಾವ ಮೇಸ್ತ್ರಿಯೂ ತಿರುಗಿಸಲಾರ.

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಕೇಳುವವರೇ ಕಡಿಮೆ. ಬೆಂಗಳೂರು ದಿಣ್ಣೆಯ ಮೇಲಿನ ಊರು, ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ಹಾಗಾಗಿ ಹಿಂದಿನವರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆ ಸೇರುವಂತೆ ಮಾಡಿದ್ದರು. ಊರಿನ ದೊಡ್ಡ ಭಾಗದ ನೀರು ಇವತ್ತಿಗೂ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಇಳಿಯಬೇಕು. ಆ ದಾರಿಯಲ್ಲಿದ್ದ ರಾಜಕಾಲುವೆಗಳನ್ನು ಎಷ್ಟೋ ಕಡೆ ಕಿರಿದು ಮಾಡಿದರು, ಕೆಲವೆಡೆ ಮುಚ್ಚಿಯೇಬಿಟ್ಟರು. 2022ರ ಸೆಪ್ಟೆಂಬರ್ 5ರ ಬೆಳಗಿನ ಹೊತ್ತಿಗೆ ಒಂದೇ ದಿನದಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಾಗ ಸರ್ಜಾಪುರ ರಸ್ತೆ, ಯಮಲೂರು ಕಡೆಯ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಮತ್ತೆ ದೋಣಿ ಇಳಿಯಿತು. ಹೊರಮಾವಿನ ಸಾಯಿ ಬಡಾವಣೆ ಒಂದು ಮಳೆಗಾಲವಲ್ಲ, ಮತ್ತೆ ಮತ್ತೆ ಮುಳುಗಿದೆ. ಅಲ್ಲಿ ಮೇಲಿನಿಂದ ಬರುವ ಕಾಲುವೆಯ ನೀರೆಲ್ಲ ರೈಲು ಹಳಿಯ ಕೆಳಗಿನ ಇಕ್ಕಟ್ಟಾದ ಕಿಂಡಿಯಲ್ಲೇ ನುಸುಳಬೇಕು. ಅಲ್ಲಿರುವವರೂ ನಿಮ್ಮ ಹಾಗೇ ಸಾಲ ಮಾಡಿ, ಹಬ್ಬದ ಖರ್ಚು ಹಿಡಿದು, ಆಸೆಯಿಂದ ಮನೆ ಮಾಡಿಕೊಂಡವರು. ಅವರ ಸಂಕಟ ನೋಡಿಯೇ ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಮೊದಲೇ ತಿಳಿಯಲು ದಾರಿಯಿದೆ. ಸರ್ಕಾರದ ‘ದಿಶಾಂಕ್’ ಆ್ಯಪ್ ಫೋನಿನಲ್ಲಿ ಹಾಕಿಕೊಂಡು ಆ ಸೈಟಿನಲ್ಲಿ ನಿಂತರೆ ನಿಮ್ಮ ಕಾಲ ಕೆಳಗಿನ ಸರ್ವೆ ನಂಬರು ಕಾಣುತ್ತದೆ. ಅದನ್ನು ಹಿಡಿದು ಹಳೆಯ ಗ್ರಾಮನಕ್ಷೆ ನೋಡಿ. ಹಳ್ಳ, ಕೆರೆ, ಕಾಲುವೆ ಎಲ್ಲಿದ್ದವು ಎಂದು ಅದರಲ್ಲಿದೆ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಆ ಭಾಗ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಜಾಗ, ಯಾರೂ ಮಾರುವಂತಿಲ್ಲ. ಕೆರೆಯಿಂದ ಎಷ್ಟು ದೂರ ಬಿಡಬೇಕು ಎಂಬ ಲೆಕ್ಕ ಬದಲಾಗುತ್ತಲೇ ಬಂದಿದೆ. ನಗರದ ಮಹಾಯೋಜನೆಯಲ್ಲಿ 30 ಮೀಟರ್ ಇತ್ತು, ಹಸಿರು ನ್ಯಾಯಾಧಿಕರಣ 2016ರಲ್ಲಿ ಅದನ್ನು 75 ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನೀವು ಮಾತ್ರ ಕಾನೂನು ಒಪ್ಪುವ ಕನಿಷ್ಠಕ್ಕೆ ಅಂಟಿಕೊಳ್ಳಬೇಡಿ, ದೂರ ಇದ್ದಷ್ಟೂ ಒಳ್ಳೆಯದು.

ನಕ್ಷೆ ನೋಡಿದ ಮೇಲೆ ಕಾಲ್ನಡಿಗೆಯಲ್ಲಿ ಹೋಗಿ. ಭಾನುವಾರ ಬೇಡ, ಜೋರು ಮಳೆ ಬಂದ ಮಾರನೆಯ ದಿನ ಹೋಗಿ. ಅಕ್ಕಪಕ್ಕದ ಕಾಂಪೌಂಡುಗಳ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ? ಹಳೆಯ ಮನೆಗಳ ಹೊಸ್ತಿಲಿಗಿಂತ ರಸ್ತೆಯೇ ಎತ್ತರಕ್ಕೆ ಬಂದಿದೆಯೇ? ಮೂಲ ಹಳ್ಳಿ ಇನ್ನೂ ಉಳಿದಿದ್ದರೆ ಅಲ್ಲಿನ ಅರಳಿಕಟ್ಟೆಯ ಹತ್ತಿರ ಕೂತ ಹಿರಿಯರನ್ನು ಮಾತಾಡಿಸಿ. ಯಾವ ಹೊಲದಲ್ಲಿ ರಾಗಿ ಬೆಳೆಯುತ್ತಿದ್ದರು, ಎಲ್ಲಿ ಭತ್ತ ನಾಟಿ ಮಾಡುತ್ತಿದ್ದರು ಎಂದು ಕೇಳಿ. ಭತ್ತದ ಗದ್ದೆ ಎಂದರೆ ಕೆರೆಯ ಕೆಳಗಿನ ತಗ್ಗು. ಇಷ್ಟು ನಿಖರವಾದ ಮಾಹಿತಿ ಯಾವ ಬ್ರೋಷರಿನಲ್ಲೂ ಸಿಗದು.

ಬ್ಯಾಂಕು ಸಾಲ ಕೊಟ್ಟಿತಲ್ಲ, ರೇರಾ ನಂಬರು ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಬ್ಯಾಂಕಿನ ವಕೀಲರು ನೋಡುವುದು ಹಕ್ಕುಪತ್ರಗಳ ಸರಪಳಿ, ನಾಳೆ ಸಾಲ ವಸೂಲಿಗೆ ತೊಂದರೆಯಾಗದಿರಲಿ ಎಂದು. ರೇರಾ ನೋಂದಣಿ ಇದ್ದರೆ ಅನುಮೋದನೆಯ ಕಾಗದಗಳು ನಿಮಗೂ ನೋಡಲು ಸಿಗುತ್ತವೆ, ಅದು ದೊಡ್ಡ ಉಪಕಾರ. ಆದರೆ ನೆಲ ತಗ್ಗಿನಲ್ಲಿದೆಯೋ ದಿಣ್ಣೆಯಲ್ಲಿದೆಯೋ ಎಂದು ಅವರಿಬ್ಬರೂ ನಿಮಗೆ ಹೇಳುವುದಿಲ್ಲ.

ಇನ್ನು ಕುಡಿಯುವ ನೀರು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳು ಕಾವೇರಿಗಾಗಿ ಹದಿನೇಳು ವರ್ಷ ಕಾದವು. ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಯೋಜನೆಯ ಐದನೇ ಹಂತ ಚಾಲೂ ಆದದ್ದು 2024ರ ಅಕ್ಟೋಬರಿನಲ್ಲಿ. ಆದ್ದರಿಂದ ನೀವು ನೋಡಿದ ಜಾಗ ಆ 110 ಹಳ್ಳಿಗಳ ಪಟ್ಟಿಯ ಒಳಗಿದೆಯೇ, ಒಳಗಿದ್ದರೆ ಆ ಬೀದಿಯ ಮನೆಗಳಿಗೆ ನಲ್ಲಿ ಸಂಪರ್ಕ ಸಿಕ್ಕಿದೆಯೇ ಎಂದು ಕೇಳಿ. ಪಟ್ಟಿಯ ಹೊರಗಿನ ಗ್ರಾಮ ಪಂಚಾಯಿತಿ ಜಾಗವಾದರೆ ಬೋರ್‌ವೆಲ್ಲೇ ಗತಿ ಎಂದುಕೊಂಡು ಲೆಕ್ಕ ಹಾಕಿ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿ, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಪಕ್ಕದ ಅಪಾರ್ಟ್‌ಮೆಂಟಿನ ಸಂಘದವರ ಹತ್ತಿರ ಹೋಗಿ, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ಎಷ್ಟಾಗಿತ್ತು ಎಂದು ವಿಚಾರಿಸಿ. ಮನೆಯ ಕಂತಿನ ಜೊತೆಗೆ ಆ ಮೊತ್ತದಲ್ಲಿ ನಿಮ್ಮ ಪಾಲನ್ನೂ ಕೂಡಿಸಿ ನೋಡಿ.

ಮೆಟ್ರೊ, ರಿಂಗ್ ರಸ್ತೆಗಳ ವಿಷಯದಲ್ಲಿ ಒಂದೇ ಮಾತು: ಈಗ ಓಡುತ್ತಿರುವ ರೈಲಿಗೆ ಹೆಚ್ಚು ದುಡ್ಡು ಕೊಡಿ, ಬರಲಿರುವ ರೈಲಿಗೆ ಕೊಡಬೇಡಿ. ಉಪನಗರ ರೈಲಿಗೆ ಶಂಕುಸ್ಥಾಪನೆಯಾದದ್ದು 2022ರಲ್ಲಿ. ಪೆರಿಫೆರಲ್ ರಿಂಗ್ ರಸ್ತೆಯಂತೂ ಸುಮಾರು ಎರಡು ದಶಕದಿಂದ ಭೂಸ್ವಾಧೀನದ ಸುತ್ತಲೇ ತಿರುಗುತ್ತಿದೆ.

ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆ. ಕಾಲುವೆಯ ಮೇಲೆ ಎದ್ದ ಬಡಾವಣೆ ತಾನು ಮುಳುಗುವುದಷ್ಟೇ ಅಲ್ಲ, ಅದರ ಗೋಡೆಗೆ ತಡೆದ ನೀರು ಹಿಂದಿನ ಬೀದಿಗೆ ನುಗ್ಗುತ್ತದೆ. ಆ ಬೀದಿಯಲ್ಲಿ ಹೆಚ್ಚಾಗಿ ಇರುವವರು ಶೀಟಿನ ಮನೆಯವರು, ಬಾಡಿಗೆಯವರು. ಒಳಚರಂಡಿಯಿಲ್ಲದ ಕಡೆ ನಮ್ಮ ಬಚ್ಚಲ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಅಪಾರ್ಟ್‌ಮೆಂಟಾದರೆ ಕೊಳಚೆ ಶುದ್ಧೀಕರಣ ಘಟಕ ನಿಜವಾಗಿ ಓಡುತ್ತಿದೆಯೇ, ಅದನ್ನು ನೋಡಿಕೊಳ್ಳುವ ಆಪರೇಟರ್ ಇದ್ದಾನೆಯೇ ಎಂದು ಕೆಳಗಿಳಿದು ನೋಡಿ. ಸೈಟಾದರೆ ಒಳಚರಂಡಿ ಪೈಪು ಯಾವ ಮುಖ್ಯ ಕೊಳವೆಗೆ ಸೇರುತ್ತದೆ ಎಂದು ತೋರಿಸಲು ಹೇಳಿ.

ಮಳೆಗಾಲ ಮುಗಿಯಲಿ, ನೋಡಿ ಹೇಳುತ್ತೇವೆ ಎಂದರೆ ಬಿಲ್ಡರ್ ಕಡೆಯವರು ‘ಮುಂದಿನ ತಿಂಗಳು ರೇಟು ಏರುತ್ತದೆ ಸರ್, ಇವತ್ತೇ ಟೋಕನ್ ಕೊಡಿ’ ಎನ್ನುತ್ತಾರೆ. ಏರಲಿ ಬಿಡಿ. ಸರ್ವೆ ನಂಬರು, ಗ್ರಾಮನಕ್ಷೆಯ ನಕಲು, ಮಂಜೂರಾದ ನಕ್ಷೆ ಇವಿಷ್ಟನ್ನು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಬರುವಾಗ, ನಿಮ್ಮ ಹಿಂದೆ ಸಾಲಿನಲ್ಲಿ ಕೂತಿರುವ ಇನ್ನೊಂದು ಸಂಸಾರಕ್ಕೂ ಏಕೆ ಎದ್ದಿರೆಂದು ಹೇಳಿ ಬನ್ನಿ.

ಇಂತಿ,
ನಿಮ್ಮ ಹಿತ ಬಯಸುವ ಊರಿನವನು